ಅಕ್ಕನ ಸ್ಕೂಟರಿನ ಚುಕ್ಕೆಗಳು

ಎರಡು ಸಾವಿರದ ಈಚಿನ ಮಾತು. ಪಿಎಚ್.ಡಿ. ಮಾಡುತ್ತಿದ್ದ ನಾನು ಪುಣೆಯ ಒಂದು ವಿದ್ಯುತ್ ಸ್ಕೂಟರ್ ಕಂಪನಿಗೆ ಇಂಟರ್ನ್‌ಶಿಪ್ಪಿಗೆ ಹೋಗಿದ್ದೆ. ಬ್ಯಾಟರಿಯೊಳಗೆ ಸೀಸ, ಆಮ್ಲ, ಬಿಸಿ ಹೇಗೆ ನಡೆದುಕೊಳ್ಳುತ್ತವೆಂದು ಸಮೀಕರಣಗಳಲ್ಲಿ ಬರೆದು, ಅದು ಎಷ್ಟು ಕಾಲ ಬಾಳುತ್ತದೆಂದು ಕಂಪ್ಯೂಟರಿನಿಂದ ಮೊದಲೇ ಹೇಳಿಸುವುದು ನನ್ನ ಕೆಲಸ. ಒಂಥರಾ ಜ್ಯೋತಿಷ್ಯವೇ, ಪರಿಹಾರಕ್ಕೆ ಪೂಜೆ ಮಾತ್ರ ಇಲ್ಲ.

ಬಸವಕಲ್ಯಾಣದಲ್ಲಿ ಅವ್ವನ ಜೊತೆ ಇದ್ದ ಅಕ್ಕನಿಗೆ ಈ ಪುರಾಣ ಬೇಡ, ಸ್ಕೂಟರ್ ಬೇಕಿತ್ತು. ಪೋಲಿಯೋದಿಂದ ಅವಳ ಒಂದು ಕಾಲು ಸಣ್ಣ. ಮುಡಬಿ ದಾರಿಯ ಹಳ್ಳಿಯಲ್ಲಿ ಟೀಚರು. ದಿನಾ ಬಸ್ಸು ಹತ್ತುವಾಗ ಯಾರಾದರೂ ರಟ್ಟೆ ಹಿಡಿದು ಎಳೆದುಕೊಳ್ಳಬೇಕು. ವಿದ್ಯುತ್ ಸ್ಕೂಟರಿಗೆ ಕಿಕ್ ಇಲ್ಲ, ಗೇರ್ ಇಲ್ಲ, ಇನ್ನೇನು ಬೇಕು! ಹುಮನಾಬಾದಿನ ಹೆದ್ದಾರಿ ಬದಿಯ ಅಂಗಡಿಯಿಂದ ತಂದು, ಹಿಂದೆ ಎರಡು ಪುಟ್ಟ ಗಾಲಿ ಕೂಡಿಸಿಕೊಂಡಳು. ಬ್ಯಾಟರಿ ದಿನಾ ಎಷ್ಟು ತುಂಬಿತು, ಎಷ್ಟು ಓಡಿತು ಎಂದು ಬರೆದಿಡುವ, ಕಂಪನಿ ಕೊಟ್ಟಿದ್ದ ಅಳತೆಯ ಪೆಟ್ಟಿಗೆಯನ್ನು ನಾನೇ ಸೀಟಿನಡಿ ಕಟ್ಟಿದೆ.

“ಇನ್ನ ಯಾರಿಗೂ ‘ಜರಾ ಕೈ ಕೊಡ್ರಿ’ ಅನ್ನೂದಿಲ್ಲ ನೋಡು,” ಎಂದಳು. ಶಾಲೆ ಬಿಟ್ಟ ಮೇಲೆ ಸುಮ್ಮಸುಮ್ಮನೆ ಊರ ಕೋಟೆಯ ತನಕ ಹೋಗಿ ಬರುತ್ತಿದ್ದಳಂತೆ. ಫೋನಿನಲ್ಲಿ ಅದನ್ನು ಹೇಳುವಾಗ ಅವಳ ನಗು ಕೇಳಬೇಕಿತ್ತು.

ನಮ್ಮ ಕಡೆ ಲೈಟ್ ಮಿಣುಕಿದರೆ ಮೊದಲು ಪ್ಲಗ್ ಕೀಳುತ್ತಾರೆ. ವೋಲ್ಟೇಜ್ ಏರಿ ಟಿವಿ ಸುಟ್ಟುಕೊಂಡವರೇ ಎಲ್ಲ. ಅವ್ವ ಸ್ಕೂಟರಿಗೂ ಹಾಗೇ ಮಾಡುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಬಿಟ್ಟು ಓಡಿಬಂದು ಚಾರ್ಜರ್ ಕಿತ್ತು, ಸೆರಗಿನಿಂದ ಒರೆಸಿ, ಗೋಡೆಯ ಮಾಡದಲ್ಲಿ ಇಡುವಳು. ಮತ್ತೆ ಹಚ್ಚುವುದು ಲೈಟ್ ‘ಖಾಯಂ’ ಆದ ಮೇಲೆ, ಅಂದರೆ ಕರೆಂಟು ಮಿಣುಕದೆ ನಿಂತ ಮೇಲೆ. ಅದು ಎಂದು ಆದೀತು? ಹೀಗೆ ಅರೆಹೊಟ್ಟೆಯಲ್ಲಿ ಓಡಿದ ಬ್ಯಾಟರಿಯ ಫಲಕಗಳ ಮೇಲೆ ಬಿಳಿ ಹರಳು ಕೂತು ಗಟ್ಟಿಯಾಗುತ್ತದೆ, ಆಮೇಲೆ ಕರಗುವುದಿಲ್ಲ, ಬ್ಯಾಟರಿಯ ಕಸುವು ಕುಗ್ಗುತ್ತ ಹೋಗುತ್ತದೆ. ರಜೆಗೆ ಬಂದಾಗ ಅವ್ವ ಹೀಗೆ ಮಾಡುವುದು ಕಣ್ಣಿಗೆ ಬಿತ್ತು. ಅಕ್ಕನಿಗೆ ಹೇಳಿದೆ.

“ಅವ್ವಗ ಹೇಳಬ್ಯಾಡ ನೀ,” ಎಂದಳು. “ಸಾಯೂತನಾ ಅದನ್ನೇ ಹಚ್ಕೊಂಡು ಕೊರಗ್ತಾಳ.” ಅಂದಿನಿಂದ ಚಾರ್ಜರನ್ನು ತಾನೇ ನೋಡಿಕೊಂಡಳು. ಕಾಲ ಮಿಂಚಿತ್ತು. ಮೊದಲು ಕೋಟೆಯ ತಿರುಗಾಟ ನಿಂತಿತು, ಆಮೇಲೆ ಶಾಲೆಗೆ ಗಾಡಿಯಲ್ಲಿ ಹೋಗುವುದೂ. ಹೊಸ ಬ್ಯಾಟರಿ ಕೇಳಲು ಹೋದರೆ ಹುಮನಾಬಾದಿನ ಅಂಗಡಿಯೇ ಮುಚ್ಚಿತ್ತು. ಅಕ್ಕ ಮತ್ತೆ ಬಸ್ಸಿನ ಬಾಗಿಲಲ್ಲಿ ಕೈ ಚಾಚಿದಳು.

ಪುಣೆಯಲ್ಲಿ ಮಾತ್ರ ಹಬ್ಬ. ಅವ್ವ ಪ್ಲಗ್ ಕಿತ್ತ ಹೊತ್ತುಗಳನ್ನು ಕಂಪ್ಯೂಟರಿಗೆ ಕೊಟ್ಟಾಗ ನನ್ನ ಸಮೀಕರಣ ಎಳೆದ ಇಳಿಗೆರೆಯ ಮೇಲೇ ಅಕ್ಕನ ಪೆಟ್ಟಿಗೆ ಬರೆದಿಟ್ಟ ದಿನದಿನದ ಚುಕ್ಕೆಗಳು ಕೂತಿದ್ದವು. ಶಹಬ್ಬಾಸ್ ಎಂದು ಎಲ್ಲರೂ ಬೆನ್ನು ತಟ್ಟಿದರು. ಹಾಳಾದ ಲೆಕ್ಕ ತಪ್ಪಾಗಬಾರದಿತ್ತೇ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಊರಿಗೆ ಹೋದಾಗ ಆ ಗೆರೆ-ಚುಕ್ಕೆಗಳ ಚಿತ್ರವನ್ನು ಅಕ್ಕ ಕೇಳಿ ಇಸಿದುಕೊಂಡಳು.

“ಈ ಚುಕ್ಕಿ ಎಲ್ಲಾ ನನ್ನವೇನು?”

“ಹೂಂ.”

“ಕೋಟಿಗೆ ಹೋಗಿದ್ದು ಯಾವು?”

ಬ್ಯಾಟರಿ ಹೊಸದಿದ್ದಾಗಿನ, ಮೇಲಿನವನ್ನು ತೋರಿಸಿದೆ. ಅವುಗಳ ಮೇಲಷ್ಟೇ ಬೆರಳಾಡಿಸಿದಳು. ಅಡುಗೆಮನೆಯಿಂದ ಅವ್ವ ಕೂಗಿದಳು, “ಏನಂತ ಬರದದವಾ ಅದ್ರಾಗ?”

“ಏನಿಲ್ಲವ್ವ,” ಎಂದಳು ಅಕ್ಕ, ಹಾಳೆ ಮಡಚುತ್ತ. “ಗಾಡಿನೇ ಖೊಟ್ಟಿ ಇತ್ತಂತ.”