ಗೇಟಿನೊಳಗಿನ ರಸ್ತೆ

ಮೊನ್ನೆ ಠಾಣೆ ಸ್ಟೇಷನ್ನಿನಲ್ಲಿ ಹತ್ತಿದ ಲೋಕಲ್ ರೈಲಿನಲ್ಲಿ ಪಕ್ಕದ ಹೆಂಗಸು ಕರವಸ್ತ್ರಕ್ಕೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಿಕೊಂಡರು. ಆ ಘಾಟಿಗೆ ಸುತ್ತಲಿನವರು ಮುಖ ಸಿಂಡರಿಸಿದರು. ನಾನೊಬ್ಬ ಹಾಯಾಗಿ ಉಸಿರೆಳೆದುಕೊಂಡೆ. ತುರ್ಭೆಯ ಆಫೀಸಿನಲ್ಲಿ ನನಗೆ ಕೆಲಸ ಕಲಿಸಿದ ಉಡುಪಿ ಕಡೆಯ ಅಕ್ಕನ ಮೇಜು ಇಡೀ ದಿನ ಹೀಗೇ ಘಮ್ಮೆನ್ನುತ್ತಿತ್ತು…

ನಮ್ಮದು ಮೆಡಿಕಲ್ ಕೋಡಿಂಗ್. ದೂರದೇಶದ ಆಸ್ಪತ್ರೆಗಳ ರೋಗಿಗಳ ಚಾರ್ಟ್ ಓದಿ, ಯಾರಿಗೆ ಏನಾಯಿತು, ಹೇಗಾಯಿತು, ಎಲ್ಲಿ ಆಯಿತು ಎಂಬುದಕ್ಕೆಲ್ಲ ವಿಮೆಯ ಲೆಕ್ಕಕ್ಕೆಂದು ಕೋಡ್ ಹಾಕುವ ಕೆಲಸ. ಗಾಡಿಗೆ ಗಾಡಿ ಗುದ್ದಿದರೆ, ಅದು ಸಾರ್ವಜನಿಕ ರಸ್ತೆಯಲ್ಲೋ ಅದರಾಚೆಯೋ ಎಂಬುದರ ಮೇಲೆ ಕೋಡೇ ಬೇರೆಯಾಗುತ್ತದೆ. ಮುರಿದ ಮೂಳೆಗೆ ಈ ಭೇದ ಗೊತ್ತೇ ಎಂದು ಮೊದಲ ದಿನವೇ ಕೇಳಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಅಮಲು ಇನ್ನೂ ಇಳಿದಿರಲಿಲ್ಲ.

"ಮೂಳೆಗೆ ಗೊತ್ತಿಲ್ಲ ಮಾರಾಯ, ನಿನಗೆ ಗೊತ್ತಿರಬೇಕು" ಎಂದಿದ್ದರು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ.

ಪ್ರೊಬೇಷನ್ ಮುಗಿಯುವ ವಾರ. ಆಡಿಟ್‌ನಲ್ಲಿ ಆಗಲೇ ನನ್ನ ಎರಡು ತಪ್ಪು ಸಿಕ್ಕಿದ್ದವು; ಮೂರನೆಯದು ಸಿಕ್ಕರೆ ಕೆಲಸವೇ ಇಲ್ಲ. ಆಗ ಬಂತು ಆ ಚಾರ್ಟ್: ಗೋದಾಮಿನ ಅಂಗಳದಲ್ಲಿ ಕಾರಿಗೆ ಲಾರಿ ಗುದ್ದಿ ಕಾರಿನವನ ಭುಜದ ಮೂಳೆ ಮುರಿದಿತ್ತು. ನಾನು ಸಾರ್ವಜನಿಕ ರಸ್ತೆಯ ಕೋಡ್ ಹಾಕಿದೆ. ಸಬ್‌ಮಿಟ್ ಒತ್ತುವ ಮೊದಲು ಅಕ್ಕ ನೋಡಿ, ಗೋದಾಮಿನ ಅಂಗಳ ರಸ್ತೆಯಲ್ಲ ಎಂದರು.

ನನ್ನ ವಾದ ಸಿದ್ಧವಿತ್ತು. ಹಕ್ಕಿನಿಂದಲೋ ರೂಢಿಯಿಂದಲೋ ಜನರ ಓಡಾಟಕ್ಕೆ ತೆರೆದಿರುವ ಜಾಗವೇ ರಸ್ತೆ ಎನ್ನುತ್ತದೆ ನಿಯಮ.

"ರೂಢಿ ಅಂತ ಬರದಾರಲ್ರೀ ಅಕ್ಕಾ! ದಿನಾ ಲಾರಿ ಬರ್ತಾವ, ಹಮಾಲರು ಬರ್ತಾರ, ಚಾ ಮಾರವ್ರು ಬರ್ತಾರ. ಇದು ರೂಢಿ ಅಲ್ದ ಮತ್ತೇನು?"

ದಿವಾದ ಇಕ್ಕಟ್ಟಿನ ಚಾಳುಗಳಲ್ಲಿ ಬೆಳೆದವನಿಗೆ ಹಾಗನ್ನಿಸುವುದು ಸಹಜ. ನಮ್ಮಲ್ಲಿ ಕಾಲು ಹೋದದ್ದೇ ದಾರಿ. ಯಾರದೋ ಕಾಂಪೌಂಡು ದಾಟದೆ ಸ್ಟೇಷನ್ ಮುಟ್ಟಿದವರೇ ಇಲ್ಲ.

ಅಕ್ಕ ವಾದಿಸಲಿಲ್ಲ. "ನಮ್ಮ ಆಫೀಸಿನ ಪಕ್ಕದಲ್ಲೇ ಒಂದು ಗೋದಾಮುಂಟಲ್ಲ, ಒಳಗೊಂದು ಸುತ್ತು ಹಾಕಿ ಬಾ. ಮತ್ತೆ ಎಂತ ಬೇಕಾದ್ರೂ ಒತ್ತು."

ಊಟದ ಹೊತ್ತಿಗೆ ಹೋದೆ. ಮೂರು ಹೆಜ್ಜೆ ಇಟ್ಟಿರಲಿಲ್ಲ, ವಾಚ್‌ಮನ್ ಕೋಲು ಅಡ್ಡ ಹಿಡಿದು ಪಾಸ್ ಕೇಳಿದ. "ಏ ಭಾವು, ಕಿಧರ್? ಪಾಸ್ ದಿಖಾ." ನನ್ನೆದುರೇ ಲಾರಿಯೊಂದು ಚೀಟಿ ತೋರಿಸಿ ಒಳಹೋಯಿತು. ಚಹಾದವನೂ ಕೊರಳಿಗೆ ಪಾಸ್ ನೇತುಹಾಕಿಕೊಂಡಿದ್ದ.

"ಯೇ ರಸ್ತಾ ಹೈ ನಾ?" ಎಂದೆ, ಇದೂ ರಸ್ತೆಯೇ ಎಂಬ ಹಟ ಬಿಡದೆ.

"ರಸ್ತಾ ತೇರೇ ಪೀಛೇ ಹೈ."

ನಿಜ, ರಸ್ತೆ ನನ್ನ ಬೆನ್ನ ಹಿಂದೆಯೇ ಇತ್ತು.

ಹಿಂದಿರುಗಿದಾಗ ಅಕ್ಕ ಕುಚ್ಚಲಕ್ಕಿ ಅನ್ನಕ್ಕೆ ಸಾರು ಕಲಸುತ್ತಿದ್ದರು. "ಒಳಗೆ ಬಿಟ್ರಾ?"

"ಇಲ್ರೀ."

"ಹಾಗಾದ್ರೆ ಉಣ್ಣುವ ಮೊದಲು ಕೋಡ್ ಬದಲಿಸು. ವಾದ ಮಾತ್ರ ಚಂದ ಇತ್ತು ಮಾರಾಯ."

ಆಡಿಟ್‌ನವರು ಅದೇ ಚಾರ್ಟನ್ನು ಎತ್ತಿ ನೋಡಿದರು. ತಪ್ಪು ಸಿಗಲಿಲ್ಲ. ಕೆಲಸ ಉಳಿಯಿತು. ಸೋತು ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಹೋದ ವರ್ಷ ಅಕ್ಕ ತೀರಿಕೊಂಡರು. ಜ್ವರವೆಂದು ರಜೆ ಹಾಕಿದವರು ಬರಲೇ ಇಲ್ಲ… ಈಗ ಹೊಸಬರಿಗೆ ಕಲಿಸುವುದು ನಾನು. ಬದುಕು ಚೆನ್ನಾಗಿಯೇ ಇದೆ, ದೂರಿಲ್ಲ. ನಿನ್ನೆ ಘೋಡಬಂದರ್ ರಸ್ತೆಯ ಅಪಾರ್ಟ್‌ಮೆಂಟ್ ಸೊಸೈಟಿಯೊಂದರ ಒಳದಾರಿಯಲ್ಲಿ ನಡೆಯುವಾಗ ಹೊಸ ವಾದವೊಂದು ಹೊಳೆಯಿತು. ಗೇಟು ಸದಾ ತೆರೆದೇ ಇದೆ, ಕಾವಲಿಲ್ಲ, ಅರ್ಧ ಊರು ಅದನ್ನೇ ಅಡ್ಡದಾರಿ ಮಾಡಿಕೊಂಡಿದೆ; ಇಲ್ಲಿ ಗಾಡಿ ಗುದ್ದಿದರೆ ಅದು ರೂಢಿಯಿಂದ ರಸ್ತೆಯೇ ಅಲ್ಲವೇ? ಈ ಸಲ ಅಕ್ಕನನ್ನು ಗೆಲ್ಲುತ್ತಿದ್ದೆನೇನೋ. ಇವತ್ತು ತಂಡದವರ ಮುಂದೆ ಅದನ್ನಿಟ್ಟೆ. ಎಲ್ಲರೂ ಒಪ್ಪಿಬಿಟ್ಟರು. ಯಾರಾದರೂ ಅಲ್ಲ ಎನ್ನಬಾರದೇ ಎಂದು ಸ್ವಲ್ಪ ಹೊತ್ತು ಕಾದೆ…