ಹತ್ತು ಥಾನಿಗೇ ಸುಸ್ತಾದ ಕಂಪ್ಯೂಟರು

ಗುಂಡ್ಲುಪೇಟೆಯಲ್ಲಿ ಮ್ಯಾಚಿಂಗ್ ಸೆಂಟರ್ ಇಟ್ಟಿರುವ ಶಾಂತಮಲ್ಲಪ್ಪನವರು ಸೀರೆಯ ಸೆರಗನ್ನೊಮ್ಮೆ ನೋಡಿ, ಹಿಂದಕ್ಕೆ ತಿರುಗದೆಯೇ ಕೈಚಾಚಿ, ಅದೇ ಬಣ್ಣದ ರವಿಕೆ ಬಟ್ಟೆಯ ಥಾನು ಎಳೆಯುತ್ತಿದ್ದವರು. ಮೂವತ್ತು ವರ್ಷದ ಹೆಸರು. ಈಚೆಗೆ ಕಣ್ಣಿಗೆ ಪೊರೆ ಬಂದು ನೀಲಿ, ಹಸಿರು ಒಂದೇ ಮನೆಯವರಂತೆ ಕಾಣತೊಡಗಿದವು. ಆಪರೇಷನ್ನಿಗೆ ಹೋದರೆ ಊರಿಗೆ ಗೊತ್ತಾಗುತ್ತದೆ. ಗೊತ್ತಾದರೆ ಹೆಸರು ಹೋಯಿತು. ಹಾಗಾಗಿ ಆಸ್ಪತ್ರೆಗೆ ಹೋಗುವ ಬದಲು ಅಂಗಡಿಗೆ ಕಂಪ್ಯೂಟರ್ ತಂದರು.

ತಮ್ಮನ ಮಗಳು ಭವ್ಯ ನಾಲ್ಕು ಸಾವಿರ ಥಾನುಗಳ ಫೋಟೋ ತೆಗೆದು, ಪ್ರತಿ ಬಣ್ಣವನ್ನೂ ಅಂಕಿಗಳ ಸಾಲಾಗಿಸಿ, ಹತ್ತಿರದ್ದನ್ನು ಹುಡುಕಿಕೊಡುವ ಪಟ್ಟಿಯನ್ನು ಫೈಲಿನಲ್ಲಿ ಉಳಿಸಿದಳು. ಸೀರೆಯ ಫೋಟೋ ತೋರಿಸಿದರೆ ಥಾನಿನ ನಂಬರು ಬರುತ್ತಿತ್ತು. ಮೊದಲ ದಿನ ಒಂದೂ ತಪ್ಪಲಿಲ್ಲ. "ಕಂಪ್ಯೂಟರ್ ಬರೀ ಸ್ಟಾಕ್ ನೋಡಕ್ಕೆ ಕಣ್ರಪ್ಪ, ಬಣ್ಣಕ್ಕೆ ನನ್ ಕಣ್ಣೇ" ಎಂದು ಯಾರೂ ಕೇಳದಿದ್ದರೂ ಹೇಳಿದರು. ಸಂಜೆ ಎಂದಿನಂತೆ ಮಾದಪ್ಪನ ಪಟಕ್ಕೆ ಕೈಮುಗಿದು ಮೈನ್ ಸ್ವಿಚ್ ಆರಿಸಿದರು. ಅಪ್ಪನ ಕಾಲದ ಪದ್ಧತಿ. ಕಂಪ್ಯೂಟರಿಗೂ ವಿನಾಯಿತಿ ಇಲ್ಲ.

ಮರುದಿನ ತೆರಕಣಾಂಬಿಯ ಸಣ್ಣಮ್ಮ ಮಗಳ ಧಾರೆ ಸೀರೆ ತಂದಳು. ನವಿಲು ಬಣ್ಣ. ಬಂದ ನಂಬರಿನ ಥಾನನ್ನು ಶಾಂತಮಲ್ಲಪ್ಪ ಠೀವಿಯಿಂದ ಹರಡಿದರು.

"ಸಾವ್ಕಾರ್ರೇ, ಇದು ಗಿಳಿ ಹಸ್ರು."

"ಬಿಸ್ಲಲ್ಲಿ ಒಂದೇ ಆಯ್ತದೆ ಕಣವ್ವ."

"ಮದ್ವೆ ಚಪ್ಪರದೊಳ್ಗೆ ನಡಿಯೋದು!"

ಅವರು ಒಳಗೋಡಿ ಭವ್ಯಳನ್ನು ಹಿಡಿದರು. ಅವಳು ನೋಡಿ ಹಣೆ ಚಚ್ಚಿಕೊಂಡಳು. "ಉತ್ರ ಹೇಳೋಕ್ ಮುಂಚೆ ಇನ್ನೂರು ಥಾನು ನೋಡು ಅಂತ ನೆನ್ನೆ ಕಂಪ್ಯೂಟರ್‌ಗೆ ಹೇಳಿದ್ದೆ ದೊಡ್ಡಪ್ಪ. ಫೈಲಲ್ಲಿ ಪಟ್ಟಿ ಉಳೀತದೆ, ಆ ಮಾತು ಉಳಿಯಲ್ಲ. ಆಫ್ ಮಾಡಿ ತಿರ್ಗಾ ತೆಗುದ್ರೆ ಹತ್ತು ನೋಡಿ ಸಾಕು ಅಂತದೆ."

"ನಾಕ್ ಸಾವ್ರದಲ್ಲಿ ಹತ್ತಾ? ಸಂಬ್ಳದಾಳೂ ಇಷ್ಟು ಮೈಗಳ್ಳ ಅಲ್ವಲ್ಲಮ್ಮಿ! ಗೊತ್ತಿಲ್ಲ ಅಂತಾದ್ರೂ ಬಾಯ್ ಬುಡಬಾರ್ದಾ?"

"ಬುಡಲ್ಲ. ನಿಮ್ ಥರಾನೇ, ಧೈರ್ಯವಾಗಿ ತಪ್ಪೇಳ್ತದೆ. ಫೈಲ್ ತೆಗ್ದಾಗೆಲ್ಲ ಆ ಮಾತನ್ನೂ ಹೇಳೋ ಹಂಗೆ ಒಂದ್ ಸಾಲು ಬರೀಬೇಕು. ಅರ್ಧ ಗಂಟೆ."

ಸಣ್ಣಮ್ಮನ ಬಸ್ಸಿಗೆ ಹತ್ತು ನಿಮಿಷವಿತ್ತು. ಶಾಂತಮಲ್ಲಪ್ಪ ಹೊರಬಂದು ದನಿ ತಗ್ಗಿಸಿದರು. "ಯಾರ್ಗೂ ಯೋಳ್ಬೇಡ ಕಣವ್ವ. ನನ್ ಕಣ್ಗೆ ಪೊರೆ."

"ಅಯ್ಯ, ಅದೇನ್ ಗುಟ್ಟಾ? ಎಲ್ಡ್ ವರ್ಸದಿಂದ ನೀವು ಒಂದು ಎಳೀತೀರಿ, ನಾವು ಅದರ ಪಕ್ಕದ್ದು ಕೊಡಿ ಅಂತೀವಿ" ಎಂದು ಸಣ್ಣಮ್ಮ ತಾನೇ ನವಿಲು ಬಣ್ಣದ ಥಾನು ಎಳೆದುಕೊಂಡಳು.

"ನಾನೂ ಅದ್ಕೇ ಕೈ ಆಕ್ತಿದ್ದೆ" ಎಂದರು ಶಾಂತಮಲ್ಲಪ್ಪ. ಕತ್ತರಿಯನ್ನು ಮಾತ್ರ ಭವ್ಯಳ ಕೈಗೆ ಕೊಟ್ಟರು.