ಎತ್ತದೆ ಉಳಿದ ಹಳದಿ ಬಾವುಟ

ಮಗಳ ಹೈಸ್ಕೂಲಿನ ರಿಲೇ ಕೋಚ್ ರಷ್ಯಾದವರು. ಒಂದು ಕಾಲಕ್ಕೆ ತಮ್ಮ ದೇಶದ ಪರವಾಗಿ ನೂರು ಮೀಟರ್, ರಿಲೇ ಎರಡೂ ಓಡಿದವರು. ಮಂಡಿ ಕೈಕೊಟ್ಟ ಮೇಲೆ ಅಮೆರಿಕದ ನಮ್ಮ ಊರು ಲಿಸ್ಲ್ ಕಡೆ ಬಂದು ನೆಲೆಸಿದ್ದರು. ಆಕೆ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಇದು ನಡೆದದ್ದು ಎರಡು ಸಾವಿರದ ಐದೋ ಆರೋ ಇರಬೇಕು. ನನ್ನದು ಧಾರವಾಡದ ನಾಲಿಗೆ, ಸುಮ್ಮನಿರುತ್ತದೆಯೇ? "ಈಕೀ ಮಾರಿ ನೋಡಿದ್ರ ಹಾಲು ಒಡೀತಾವ" ಎನ್ನುತ್ತಿದ್ದೆ. "ಅಮ್ಮಾ, ಸ್ಟಾಪ್ ಇಟ್" ಎಂದು ಮಗಳು ಸಿಡುಕುತ್ತಿದ್ದಳು.

ಒಂದು ಶನಿವಾರ ರಿಲೇ ಪಂದ್ಯವಿತ್ತು; ಗೆದ್ದ ತಂಡಕ್ಕೆ ಆ ವರ್ಷದ ದೊಡ್ಡ ಕ್ರೀಡಾಕೂಟದಲ್ಲಿ ಜಾಗ. ನಮ್ಮ ತಂಡದ ನಾಲ್ಕೂ ಹುಡುಗಿಯರು ಅದಕ್ಕಾಗಿ ಚಳಿಗಾಲವಿಡೀ ಬೆವರು ಸುರಿಸಿದ್ದರು. ಜನ ಸಾಲದೆ ತಂದೆತಾಯಿಯರಿಗೂ ಕೆಲಸ ಹಂಚಿದ್ದರು. ನನ್ನನ್ನು ಕೊನೆಯ ತಿರುವಿನಲ್ಲಿ ನಿಲ್ಲಿಸಿ ಎರಡು ಬಾವುಟ ಕೊಟ್ಟರು. ಓಟದ ಹಾದಿಗೆ ಎಳೆದ ಗೆರೆಯೊಳಗೆ ಬ್ಯಾಟನ್ ಕೋಲು ಕೈ ಬದಲಾದರೆ ಬಿಳಿ, ಗೆರೆ ದಾಟಿ ಬದಲಾದರೆ ಹಳದಿ. ಹಳದಿ ಎತ್ತಿದರೆ ಆ ತಂಡ ಹೊರಗೆ.

ಕೊನೆಯ ಪಾಳಿ ನನ್ನ ಮಗಳದೇ. ಬ್ಯಾಟನ್ ಅವಳ ಕೈಗೆ ಬಂದದ್ದು ಗೆರೆಯ ಆಚೆ, ಒಂದು ಹೆಜ್ಜೆ ಪೂರ್ತಿ ಆಚೆ. ಕಣ್ಣಾರೆ ಕಂಡೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಕೈ ತಾನಾಗಿ ಬಿಳಿ ಬಾವುಟ ಎತ್ತಿತು. ಅಲ್ಲ, ತಪ್ಪನ್ನು ಕೈಯ ಮೇಲೇಕೆ ಹಾಕಲಿ, ನಾನೇ ಎತ್ತಿದೆ.

ನಮ್ಮ ಹುಡುಗಿಯರು ಗೆದ್ದರು. ಕೋಚ್ ಕುಂಟುತ್ತಾ ನನ್ನ ಕಡೆಗೇ ಬಂದರು. ಥ್ಯಾಂಕ್ಸ್ ಹೇಳುತ್ತಾರೆ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು! ಪಕ್ಕದಲ್ಲಿ ನಿಂತು, ತಮ್ಮ ಒರಟು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು:

"ಟ್ರೈನಿಂಗ್ ಕ್ಯಾಂಪಿನಲ್ಲಿ ನನ್ನ ರೂಮಿನವಳು ಓಟ ಜೋರಾಗೋಕೆ ಕದ್ದು ಇಂಜೆಕ್ಷನ್ ತಗೋಳೋದು ನೋಡಿದ್ದೆ. ನಮ್ಮ ತಂಡದಲ್ಲಿ ಅವಳೇ ಜೋರು ಓಟಗಾರ್ತಿ, ಅದಕ್ಕೇ ಬಾಯಿ ಬಿಡಲಿಲ್ಲ. ಮೆಡಲ್ ಬಂತು. ಮೂರು ವರ್ಷ ಆದಮೇಲೆ ಅವಳ ವಿಷಯ ಹೊರಬಿದ್ದು, ಮೆಡಲ್ ವಾಪಸ್ ಕಳಿಸಿ ಅಂತ ಪತ್ರ ಬಂತು, ನಾಲ್ಕೂ ಜನಕ್ಕೆ. ನಾನು ಯಾವ ಔಷಧಿನೂ ಮುಟ್ಟಿರಲಿಲ್ಲ. ಎಲ್ಲರೂ ನನಗೆ ಅನ್ಯಾಯ ಆಯ್ತು ಅಂತ ಅತ್ತರು. ನನಗೆ ಅಳೋಕೂ ಆಗಲಿಲ್ಲ."

"ಗೆರೆ ದಾಟಿದ್ದು ನೀವೂ ನೋಡಿದ್ರಾ?" ಎಂದೆ.

"ನೋಡಿದೆ. ನಾನೇ ಹೋಗಿ ಹೇಳಬಹುದು. ಆದರೆ ಅದು ನಿಮ್ಮ ಬಾವುಟ."

ಅಂಪೈರರ ಮೇಜು ಇನ್ನೂರು ಹೆಜ್ಜೆ ದೂರವಿತ್ತೋ ಏನೋ. ಸಾಯಲಿ ಅತ್ಲಾಗೆ, ಮನೆಗೆ ಹೋಗಿಬಿಡೋಣ ಎಂದು ದಾರಿಯುದ್ದಕ್ಕೂ ಅನ್ನಿಸಿತು. ಹೋಗಿ ಹೇಳಿದೆ. ಮೈಕಿನಲ್ಲಿ ನಮ್ಮ ಶಾಲೆಯ ಹೆಸರು ಕೂಗಿ ತಂಡ ಹೊರಗೆ ಎಂದರು. ಮೂವರು ಹುಡುಗಿಯರು ಹುಲ್ಲಿನ ಮೇಲೆ ಕುಸಿದು ಅತ್ತರು. ನನ್ನ ಮಗಳು ಅಳಲಿಲ್ಲ, ಬ್ಯಾಗ್ ಎತ್ತಿಕೊಂಡು ಸೀದಾ ಕಾರಿನ ಕಡೆ ನಡೆದಳು.

ಮನೆಗೆ ಎಂಟು ಮೈಲಿ ದಾರಿ. ನಾನೇ ತಡೆಯಲಾರದೆ, "ತಪ್ಪಾತವ್ವಾ, ನಿನ್ನ ಸಲುವಾಗೇ ಮಾಡಿದ್ನಿ" ಎಂದೆ.

"ವಿಚ್ ಒನ್?" ಎಂದಳು. ಬಿಳಿ ಎತ್ತಿದ್ದೋ, ಹೋಗಿ ಹೇಳಿದ್ದೋ? ಗ್ಯಾರೇಜಿನಲ್ಲಿ ಇಳಿಯುವಾಗ, "ಡೋಂಟ್ ಕಮ್ ಟು ಮೈ ರೇಸಸ್ ಎನಿಮೋರ್" ಎಂದಳು.

ಸಿಟ್ಟು ಇಳಿದೀತು ಎಂದು ಕಾದೆ. ಅವಳು ಇನ್ನೂ ಎರಡು ವರ್ಷ ಓಡಿದಳು. ಶನಿವಾರಗಳಂದು ಆ ರಷ್ಯಾದಾಕೆ ತಾವಾಗಿ ಫೋನ್ ಮಾಡಿ ಅವಳು ಎಷ್ಟು ಸೆಕೆಂಡಿನಲ್ಲಿ ಓಡಿದಳೆಂದು ನನಗೆ ಹೇಳುತ್ತಿದ್ದರು. ಅವಳ ಓಟವನ್ನು ನಾನು ಮತ್ತೆ ನೋಡಲೇ ಇಲ್ಲ.